ಕಾರಿನ ವೈರಿಂಗಿಗೆ ಯಾವ ಟೇಪ್? ಓಮ್ನಿಯ ಸೀಟಿನ ಕೆಳಗೆ ಎಂಟು ತಿಂಗಳು

ಹೋದ ವರ್ಷ ಸಂಕ್ರಾಂತಿ ಕಳೆದ ವಾರ. ಜೋಗಕ್ಕೆ ಬಾಡಿಗೆ ಓಡಿಸುವ ಚಾಲಕರೊಬ್ಬರು, ನಾನು ಬಾಗಿಲು ತೆಗೆಯುವ ಮೊದಲೇ ಬಂದು ಸಾಗರದ ಬಿ.ಎಚ್. ರಸ್ತೆಯಲ್ಲಿರುವ ನನ್ನ ಅಂಗಡಿಯ ಎದುರು ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದಿನ ರಾತ್ರಿ ತಾಳಗುಪ್ಪ ದಾಟುತ್ತಿದ್ದಂತೆ ಅವರ ಎರಡೂ ಫಾಗ್ ಲ್ಯಾಂಪ್ ಒಮ್ಮೆಗೇ ಆರಿಹೋಗಿದ್ದವು. "ಅಣ್ಣಾ, ಮಂಜಿನಲ್ಲಿ ರಸ್ತೆಯ ಅಂಚೇ ಕಾಣಲಿಲ್ಲ. ಹಿಂದೆ ಮಕ್ಕಳು ಮಲಗಿದ್ದರು" ಎಂದಷ್ಟೇ ಹೇಳಿದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ವೈರಿಂಗ್ ಮಾಡಿದ್ದವನು ನಾನೇ, ಏಳು ತಿಂಗಳ ಹಿಂದೆ.

ಬಾನೆಟ್ ಎತ್ತಿ ನೋಡಿದೆ. ರಿಲೇ ಎಂಬ ಸ್ವಿಚ್ಚಿನಿಂದ ದೀಪಕ್ಕೆ ಹೋಗುವ ವೈರಿನ ಜಾಯಿಂಟಿನ ಮೇಲೆ ನಾನು ಸುತ್ತಿದ್ದ ಟೇಪ್ ಜಾಗ ಬಿಟ್ಟು ಒಂದು ಅಂಗುಲ ಕೆಳಗೆ ಜಾರಿ, ಅದರ ತುದಿ ಬಾಲದ ಹಾಗೆ ಜೋತುಬಿದ್ದಿತ್ತು. ಮುಟ್ಟಿದರೆ ಬೆರಳಿಗೆ ಹಲಸಿನ ಮೇಣದಂಥ ಕಪ್ಪು ಅಂಟು. ಬರಿದಾದ ತಾಮ್ರ ಕಾರಿನ ಲೋಹದ ಮೈಗೆ ತಗುಲಿ ಶಾರ್ಟ್ ಆಗಿತ್ತು. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಫ್ಯೂಸ್ ಹಾಕಿದ್ದರಿಂದ ಫ್ಯೂಸ್ ಮಾತ್ರ ಹೋಯಿತು. ಅದೊಂದು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಆ ದಿನವಿಡೀ ಯೋಚಿಸಿದೆ.

ಆ ಟೇಪ್ ಯಾವುದೆಂದರೆ, ಸಗಟು ಅಂಗಡಿಯಲ್ಲಿ ಡಬ್ಬದ ಲೆಕ್ಕದಲ್ಲಿ ಕೊಂಡದ್ದು, ಒಂದು ಸುರುಳಿಗೆ 8 ರೂಪಾಯಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಮಾತನ್ನು ಅಡಿಕೆ ಸೀಮೆಯಲ್ಲಿ ಹುಟ್ಟಿದ ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರ ಅರ್ಥ ತಿಳಿದದ್ದು ಆ ಬೆಳಿಗ್ಗೆ. ಚಾಲಕರಿಗೆ ವೈರಿಂಗನ್ನು ಹೊಸದಾಗಿ ಮಾಡಿಕೊಟ್ಟೆ, ಹಣ ತೆಗೆದುಕೊಳ್ಳಲಿಲ್ಲ. ಆಮೇಲೆ ಟೇಪುಗಳನ್ನು ತರಿಸಿ ಪರೀಕ್ಷೆಗೆ ಇಳಿದೆ. ಅದರಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಂತ ಕಾರಿಗೆ ಹಾರ್ನ್, ಸ್ಟೀರಿಯೊ, ಹಿಂಬದಿ ಕ್ಯಾಮೆರಾ ಕೂರಿಸಿಕೊಳ್ಳುವವರಿಗೂ ನನ್ನಂಥ ಕೆಲಸದವರಿಗೂ ಇದು ಬೇಕಾಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಟೇಪ್ ಕೊಳ್ಳುವವರು ಅದರ ಮೇಲೆ ಬರೆದ ವೋಲ್ಟ್ ನೋಡುತ್ತಾರೆ. ಕಾರಿನಲ್ಲಿ ಇರುವುದು 12 ವೋಲ್ಟ್. ಅದನ್ನು ತಡೆಯಲು ಯಾವ ಟೇಪಾದರೂ ಸಾಕು. ಮನೆಯ ಸ್ವಿಚ್ ಬೋರ್ಡಿನ ಹಿಂದೆ ಸುತ್ತಿದ ಟೇಪ್ ಗೋಡೆಯೊಳಗೆ ತಣ್ಣಗೆ ಇಪ್ಪತ್ತು ವರ್ಷ ಕುಳಿತಿರುತ್ತದೆ, ಯಾರೂ ಅಲುಗಾಡಿಸುವುದಿಲ್ಲ. ಕಾರಿನಲ್ಲಿ ಹಾಗಲ್ಲ. ಎಂಜಿನ್ನಿನ ಬಿಸಿ, ಎಣ್ಣೆಯ ಆವಿ, ಗುಂಡಿಯ ಕುಲುಕಾಟ, ಜೂನ್ ತಿಂಗಳಿಂದ ಬಿಡದೆ ಎರಚುವ ಕೆಸರುನೀರು, ನಮ್ಮ ಕಡೆ ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸಿದರೆ ಇಲಿ. ಇದರಲ್ಲಿ ಮೊದಲು ಸೋಲುವುದು ಟೇಪಿನ ಹಾಳೆಯಲ್ಲ, ಅದರ ಅಂಟು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಹಾಳೆ ನೋಡಿ ಟೇಪ್ ಕೊಳ್ಳಬೇಡಿ, ಅಂಟು ನೋಡಿ ಕೊಳ್ಳಿ.

ಅಂಟು ಏಕೆ ಕರಗುತ್ತದೆ ಎಂಬುದಕ್ಕೆ ಕಾರಣವಿದೆ. ಪಿವಿಸಿ ಎಂಬುದು ಮೂಲತಃ ಗಡಸು ವಸ್ತು, ತೋಟಕ್ಕೆ ಹಾಕುವ ನೀರಿನ ಪೈಪು ಇದೆಯಲ್ಲ, ಅದೇ. ಟೇಪಿನಂತೆ ಮೆತ್ತಗೆ, ಎಳೆದರೆ ಹಿಗ್ಗುವಂತೆ ಆಗಬೇಕಾದರೆ ಅದಕ್ಕೆ ಎಣ್ಣೆಯಂಥ ಮೆದುಕಾರಕವನ್ನು ಬೆರೆಸಬೇಕು. ಅಗ್ಗದ ಮಾಲಿನಲ್ಲಿ ಈ ಎಣ್ಣೆ ಬಿಸಿಗೆ ಹಾಳೆಯಿಂದ ಹೊರಗೆ ಬರುತ್ತದೆ. ಬಂದು ಅಂಟಿನೊಳಗೆ ಸೇರುತ್ತದೆ. ಅಂಟು ಪಾಕದಂತೆ ಸಡಿಲವಾಗುತ್ತದೆ, ಎಣ್ಣೆ ಕಳೆದುಕೊಂಡ ಹಾಳೆ ಗಡುಸಾಗಿ ಕುಗ್ಗುತ್ತದೆ. ಕುಗ್ಗುವ ಹಾಳೆ, ಹಿಡಿಯದ ಅಂಟು. ಟೇಪ್ ಜಾರದೆ ಇನ್ನೇನಾದೀತು?

ಪರೀಕ್ಷೆಗೆ ನನ್ನ ಹಳೆಯ ಮಾರುತಿ ಓಮ್ನಿಯನ್ನೇ ಆರಿಸಿಕೊಂಡೆ. ಅದರ 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಓಮ್ನಿಯಲ್ಲಿ ಬೇಸಿಗೆಯ ಮಧ್ಯಾಹ್ನ ದೂರ ಹೋದವರಿಗೆ ಆ ಸೀಟಿನ ಬಿಸಿ ಎಂಥದ್ದೆಂದು ಗೊತ್ತಿರುತ್ತದೆ. ಗಾಳಿ ಸರಿಯಾಗಿ ಆಡದ ಆ ಜಾಗಕ್ಕಿಂತ ಕಠಿಣವಾದ ಜಾಗ ಟೇಪಿಗೆ ಸಿಗುವುದಿಲ್ಲ. ಏಪ್ರಿಲಿನಲ್ಲಿ ಒಂದು ದಿನ ಶಿವಮೊಗ್ಗದಿಂದ ಬಂದು ನಿಲ್ಲಿಸಿದ ಕೂಡಲೇ ಸೀಟು ಎತ್ತಿ ತಾಪಮಾಪಕ ಹಿಡಿದೆ. ವೈರಿನ ಕಟ್ಟಿನ ಮೇಲೆ 84 ಡಿಗ್ರಿ ತೋರಿಸಿತು. ಪರೀಕ್ಷೆಗೆಂದೇ ಅಲ್ಲಿ ಕರೆಂಟ್ ಇಲ್ಲದ ಒಂದು ವೈರಿನ ತುಂಡನ್ನು ಕಟ್ಟಿ, ಅದರ ಮೇಲೆ ಐದು ಬಗೆಯ ಟೇಪನ್ನು ಸಾಲಾಗಿ ಸುತ್ತಿದೆ. ಇನ್ನೊಂದು ಅಂಥದ್ದೇ ತುಂಡನ್ನು ಹೆಡ್‌ಲೈಟಿನ ಹಿಂದೆ, ಚಕ್ರದ ನೀರು ಎರಚುವಲ್ಲಿ ಕಟ್ಟಿದೆ. ಶಿವರಾತ್ರಿಯ ಮರುದಿನ ಸುತ್ತಿದ್ದು, ದೀಪಾವಳಿಗೆ ಸೀಟಿನ ಕೆಳಗಿನದನ್ನು ಬಿಚ್ಚಿದೆ.

8 ರೂಪಾಯಿಯ ಟೇಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಗಾದಿಗೆ ಮೊದಲೇ ಅದರ ತುದಿ ಎದ್ದಿತು. ಮೇ ತಿಂಗಳಲ್ಲಿ ಇಡೀ ಸುತ್ತು ಕೊಳವೆಯ ಹಾಗೆ ವೈರಿನ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು.

ಎರಡನೆಯದು ಮನೆ ವೈರಿಂಗಿಗೆ ಎಲ್ಲರೂ ಬಳಸುವ, ಐಎಸ್ 7809 ಎಂಬ ಭಾರತೀಯ ಮಾನದಂಡದ ಗುರುತು ಇರುವ ಒಳ್ಳೆಯ ಪಿವಿಸಿ ಟೇಪ್. ಇದನ್ನು ನಾನು ಕಡೆಗಣಿಸುವುದಿಲ್ಲ. ಕಾರಿನ ಒಳಗೆ, ಡ್ಯಾಶ್‌ಬೋರ್ಡಿನ ಕೆಳಗೆ, ಬಿಸಿ ಬಾರದ ಜಾಗದಲ್ಲಿ ಒಂದು ವೈರಿಗೆ ಗುರುತಿನ ಬಣ್ಣ ಸುತ್ತಲು, ತಾತ್ಕಾಲಿಕವಾಗಿ ಕಟ್ಟಿಡಲು ಅದು ಸಾಕು. ಓಮ್ನಿಯ ಸೀಟಿನ ಕೆಳಗೆ ಮಾತ್ರ ಅದರ ಅಂಚುಗಳಲ್ಲಿ ಅಂಟು ಒಸರಿ, ಅದಕ್ಕೆ ಧೂಳು ಹತ್ತಿ ಕಪ್ಪು ಗೆರೆಯಾಗಿತ್ತು. ಅದನ್ನು ತಯಾರಿಸಿದ್ದೇ ಗೋಡೆಯೊಳಗಿನ ತಂಪಿಗೆ ಎಂದಮೇಲೆ, ಅಲ್ಲಿ ಸುತ್ತಿದ ನನ್ನದೇ ತಪ್ಪು ಎನ್ನಬೇಕು.

ಮೂರನೆಯದು ತ್ರೀಎಂ ಕಂಪನಿಯ ಸೂಪರ್ 33 ಪ್ಲಸ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆ, 20 ಮೀಟರಿನ ಸುರುಳಿಗೆ ನಾನು ಕೊಟ್ಟದ್ದು 420 ರೂಪಾಯಿ. ಬೆಲೆ ಕೇಳಿ ನನ್ನ ಅಂಗಡಿಯ ಹುಡುಗ ಸುರುಳಿಯನ್ನು ಎರಡು ಸಲ ತಿರುಗಿಸಿ ನೋಡಿದ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 0.18 ಮಿಲಿಮೀಟರ್ ದಪ್ಪ. ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣುವುದಿಲ್ಲ. ಸುರುಳಿಯಿಂದ ಬಿಡಿಸುವಾಗ ಅಲ್ಲಲ್ಲಿ ತಡೆದು ಚರ್ರೆನ್ನದೆ ಒಂದೇ ಸಮನೆ ಬಿಟ್ಟುಕೊಳ್ಳುತ್ತದೆ. ಎಳೆದು ಬಿಟ್ಟರೆ ರಬ್ಬರಿನಂತೆ ಹಿಂದಕ್ಕೆ ಬರುತ್ತದೆ. ಈ ಗುಣವೇ ಮುಖ್ಯ. ಎಳೆದು ಸುತ್ತಿದಾಗ ಅದು ಹಿಂದಕ್ಕೆ ಬರಲು ಹೋಗಿ ಜಾಯಿಂಟನ್ನು ಸುತ್ತಲೂ ಒತ್ತಿ ಹಿಡಿಯುತ್ತದೆ. ಉಬ್ಬು ತಗ್ಗುಗಳಲ್ಲಿ ಸುಕ್ಕು ಬೀಳುವುದಿಲ್ಲ. 105 ಡಿಗ್ರಿಯವರೆಗೆ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ನನ್ನ 84 ಡಿಗ್ರಿಯ ಜಾಗದಲ್ಲಿ ಎಂಟು ತಿಂಗಳ ನಂತರ ಬಿಚ್ಚಿದಾಗ ಒಳಗಿನ ವೈರಿನ ಬಣ್ಣ ಹೊಸದರ ಹಾಗೆ ಹಳದಿಯಾಗಿಯೇ ಇತ್ತು. ಬೆರಳಿಗೆ ಅಂಟು ಹತ್ತಲಿಲ್ಲ.

ನಾಲ್ಕನೆಯದು ಮತ್ತು ಐದನೆಯದು ಬಟ್ಟೆಯ ಟೇಪುಗಳು. ಇವುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳಿದರೆ "ಅದು ಯಾವ ಟೇಪ್?" ಎನ್ನುತ್ತಾರೆ. ಹೊಸ ಕಾರುಗಳ ಡ್ಯಾಶ್‌ಬೋರ್ಡ್ ಬಿಚ್ಚಿದವರು ಇದನ್ನು ನೋಡಿಯೇ ಇರುತ್ತಾರೆ. ವೈರಿನ ಕಟ್ಟಿನ ಮೇಲೆ ಕಪ್ಪಗೆ, ಕಂಬಳಿಯ ಹಾಗೆ ನವಿರಾದ ಒಂದು ಸುತ್ತು ಇರುತ್ತದಲ್ಲ, ಅದೇ. ಜರ್ಮನಿಯ ಟೆಸಾ ಕಂಪನಿಯ 51608 ಅಂಥ ನವಿರು ಟೇಪ್. ಪಾಲಿಯೆಸ್ಟರ್ ಎಳೆಗಳ ಮೆತ್ತನೆಯ ಹಾಳೆ, 105 ಡಿಗ್ರಿಗೆ ತಕ್ಕದ್ದು. ಅದೇ ಕಂಪನಿಯ 51036 ನೇಯ್ದ ಬಟ್ಟೆಯದು, ಗಡುಸು, ಎಂಜಿನ್ ಭಾಗಕ್ಕೆಂದೇ ಮಾಡಿದ್ದು, 150 ಡಿಗ್ರಿಗೆ ತಕ್ಕದ್ದು. ಜರ್ಮನಿಯ ಕಾರು ತಯಾರಕರು ವೈರಿಂಗ್ ಟೇಪುಗಳಿಗೆ ಎಲ್‌ವಿ 312 ಎಂಬ ಒಂದೇ ಮಾನದಂಡ ಇಟ್ಟುಕೊಂಡಿದ್ದಾರೆ. ಬಿಸಿ ಎಷ್ಟು ತಡೆಯುತ್ತದೆ, ಉಜ್ಜಿದರೆ ಎಷ್ಟು ಬಾಳುತ್ತದೆ, ಸದ್ದನ್ನು ಎಷ್ಟು ನುಂಗುತ್ತದೆ ಎಂದು ಬೇರೆ ಬೇರೆ ದರ್ಜೆ ಕೊಡುತ್ತಾರೆ. ಟೇಪಿಗೆ ಸದ್ದಿನ ದರ್ಜೆ ಏಕೆ ಎಂದು ಮೊದಲು ನನಗೂ ಹೊಳೆಯಲಿಲ್ಲ.

ಹೊಳೆದದ್ದು ಒಬ್ಬ ಶಿಕ್ಷಕಿಯ ಕಾರಿನಿಂದ. ಸ್ಟೀರಿಯೊ ಬದಲಿಸಿದ ಮೇಲೆ ಡ್ಯಾಶ್‌ಬೋರ್ಡಿನ ಒಳಗೆ ಟಿಕ್ ಟಿಕ್ ಎನ್ನುತ್ತದೆ ಎಂದು ಅವರು ಎರಡು ಕಡೆ ತೋರಿಸಿದ್ದರು, ಯಾರಿಗೂ ಸಿಕ್ಕಿರಲಿಲ್ಲ. ಬಿಚ್ಚಿ ನೋಡಿದರೆ ಸ್ಟೀರಿಯೊದ ಹಿಂದಿನ ವೈರಿನ ಕಟ್ಟನ್ನು ಯಾರೋ ಪಿವಿಸಿ ಟೇಪಿನಿಂದ ಬಿಗಿದಿದ್ದರು. ಕಟ್ಟು ಕೋಲಿನಂತೆ ಗಡುಸಾಗಿ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು. ಅದನ್ನು ಬಿಡಿಸಿ 51608 ಸುತ್ತಿದೆ. ಕಟ್ಟು ಬಳ್ಳಿಯಂತೆ ಬಾಗಿತು, ಸದ್ದು ನಿಂತಿತು. ಅವರು ಮರುದಿನ ಹಳ್ಳಿಯ ಮಣ್ಣುರಸ್ತೆಯಲ್ಲಿ ಹೋಗಿ ಬಂದು ಫೋನ್ ಮಾಡಿ, "ಈಗ ಮೌನವಾಗಿದೆ ನೋಡಿ" ಎಂದರು. ಅಂದಿನಿಂದ ಡ್ಯಾಶ್‌ಬೋರ್ಡಿನ ಒಳಗೆ ನಾನು ಬೇರೆ ಟೇಪ್ ಸುತ್ತುವುದಿಲ್ಲ. ಕೈಯಿಂದಲೇ ಹರಿಯುತ್ತದೆ ಎಂಬುದು ಇನ್ನೊಂದು ಅನುಕೂಲ. ಕಾಲು ಮೇಲೆ, ತಲೆ ಪೆಡಲುಗಳ ಹತ್ತಿರ ಇಟ್ಟುಕೊಂಡು ಮಲಗಿ ಕೆಲಸ ಮಾಡುವಾಗ ಬ್ಲೇಡಿಗೆ ತಡಕಾಡಬೇಕಿಲ್ಲ.

ಓಮ್ನಿಯಲ್ಲಿ 51036 ಎಂಟು ತಿಂಗಳಲ್ಲಿ ಕದಲಲಿಲ್ಲ, ಮೇಲೆ ಸ್ವಲ್ಪ ಎಣ್ಣೆಯ ಕಲೆಯಾಗಿತ್ತು ಅಷ್ಟೆ. ಆದರೆ ಬಟ್ಟೆ ಟೇಪಿನ ಬಗ್ಗೆ ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ. ಬಟ್ಟೆ ಟೇಪ್ ಇನ್ಸುಲೇಷನ್ ಅಲ್ಲ. ಬರಿಯ ತಾಮ್ರದ ಮೇಲೆ ಅದನ್ನು ಸುತ್ತಬಾರದು. ನೀರು ಅದರ ಎಳೆಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ಅದರ ಕೆಲಸ ವೈರುಗಳನ್ನು ಒಟ್ಟಿಗೆ ಹಿಡಿಯುವುದು, ಉಜ್ಜುವಿಕೆಯಿಂದ ಕಾಯುವುದು. ಜಾಯಿಂಟನ್ನು ಮೊದಲು ಬೇರೆಯದರಿಂದ ಮುಚ್ಚಿರಬೇಕು.

ಇಲ್ಲಿ ನನ್ನ ಉಸ್ತಾದರನ್ನು ನೆನೆಯದೆ ಮುಂದೆ ಹೋಗಲಾರೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಅವರ ಬಳಿ ಆರು ವರ್ಷ ಕೆಲಸ ಕಲಿತೆ. ಅವರ ಕಾಲದ ಅಂಬಾಸಿಡರ್ ಕಾರುಗಳಲ್ಲಿ ರಬ್ಬರ್ ಮೆತ್ತಿದ ಹತ್ತಿಯ ಟೇಪ್ ಇರುತ್ತಿತ್ತು. ಅಂಥ ಹಳೆಯ ಕಟ್ಟು ಬಿಚ್ಚಿದರೆ ಟೇಪ್ ಒಣಗಿದ ಬಾಳೆಪಟ್ಟೆಯಂತೆ ಮುರಿದು ಉದುರುತ್ತಿತ್ತು, ಒಳಗಿನ ತಾಮ್ರ ಕಪ್ಪಾಗಿರುತ್ತಿತ್ತು. ಹಳೆಯ ರಬ್ಬರಿನಲ್ಲಿ ಬೆರೆಸುತ್ತಿದ್ದ ಗಂಧಕ ತಾಮ್ರವನ್ನು ಹೀಗೆ ತಿನ್ನುತ್ತದೆ. ಉಸ್ತಾದರು ಆ ವೈರಿನ ತುದಿಯನ್ನು ನನ್ನ ಅಂಗೈಯಲ್ಲಿ ಇಟ್ಟು, "ಟೇಪ್ ಮೇಲೆ ನಂಬಿಕೆ ಇಡಬೇಡ ಮಗನೇ, ಜಾಯಿಂಟ್ ಮೇಲೆ ಇಡು" ಎನ್ನುತ್ತಿದ್ದರು.

ಅದು ಇಂದಿಗೂ ನಿಜ. ಎರಡು ವೈರನ್ನು ಹುರಿ ಹೊಸೆದಂತೆ ತಿರುಚಿ ಟೇಪ್ ಸುತ್ತಿದರೆ ಯಾವ ಕಂಪನಿಯ ಟೇಪೂ ಅದನ್ನು ಕಾಯಲಾರದು. ಎರಡು 55 ವಾಟಿನ ಫಾಗ್ ಲ್ಯಾಂಪ್ ಒಟ್ಟು 9 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಸಡಿಲ ಜಾಯಿಂಟಿನಲ್ಲಿ ಅಷ್ಟು ಕರೆಂಟ್ ಹರಿದರೆ ಬಿಸಿ ಹುಟ್ಟುವುದು ಒಳಗಿನಿಂದಲೇ, ಎಂಜಿನ್ ಬೇಕಾಗಿಲ್ಲ. ನಾನು ಈಗ ಮಾಡುವುದು ಹೀಗೆ: ತಾಮ್ರದ ಸ್ಲೀವ್ ಹಾಕಿ ಇಕ್ಕಳದಿಂದ ಒತ್ತುತ್ತೇನೆ. ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಬಿಸಿಗಾಳಿ ಹಿಡಿದರೆ ಅದು ಕುಗ್ಗಿ, ಎರಡು ತುದಿಯಲ್ಲೂ ಅಂಟಿನ ಸಣ್ಣ ಹನಿ ಹೊರಬರಬೇಕು. ಆ ಹನಿ ಕಂಡರೆ ನೀರು ಒಳಗೆ ಹೋಗುವುದಿಲ್ಲ ಎಂದು ಧೈರ್ಯ. ಆಮೇಲೆಯೇ ಟೇಪ್.

ಸ್ಲೀವ್ ತೂರಿಸಲು ಆಗದ ಜಾಗದಲ್ಲಿ, ಅಂದರೆ ವೈರನ್ನು ಕತ್ತರಿಸದೆ ನಡುವಿನಿಂದ ಕವಲು ತೆಗೆದಾಗ, 33 ಪ್ಲಸ್ ಬೇಕೇ ಬೇಕು. ಸುತ್ತುವುದಕ್ಕೂ ಕ್ರಮವಿದೆ. ಕೈಗೆ ಗ್ರೀಸ್ ಇದ್ದರೆ ಮೊದಲು ತೊಳೆಯಿರಿ, ಎಣ್ಣೆ ಕೈಯಿಂದ ಮುಟ್ಟಿದ ಅಂಟು ಆಗಲೇ ಅರ್ಧ ಸತ್ತಂತೆ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ವೈರ್ ನೆಟ್ಟಗೆ ನಿಂತಿದ್ದರೆ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಂಡು ಹೋಗುವಾಗ ಕೊನೆಯ ಪದರ ಮುಗಿಯುವಂತಿರಲಿ, ಹೆಂಚು ಹೊದಿಸುವವರು ಸೂರಿನಿಂದ ಆರಂಭಿಸಿ ಮೇಲಕ್ಕೆ ಹೋಗುವ ಹಾಗೆ. ಆಗ ನೀರು ಅಂಚಿನೊಳಗೆ ನುಗ್ಗದೆ ಮೇಲಿನಿಂದ ಇಳಿದುಹೋಗುತ್ತದೆ. ಎಳೆದು ಸುತ್ತಬೇಕು, ಆದರೆ ಕೊನೆಯ ಒಂದೂವರೆ ಸುತ್ತನ್ನು ಎಳೆಯದೆ ಸುಮ್ಮನೆ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ತುದಿಯನ್ನು ಕೈಯಿಂದ ಜಗ್ಗಿ ಹರಿಯಬೇಡಿ, ಬ್ಲೇಡಿನಿಂದ ಕತ್ತರಿಸಿ. ಜಗ್ಗಿ ಹರಿದ ತುದಿ ಹಿಗ್ಗಿರುತ್ತದೆ. ನಾಲ್ಕು ದಿನ ಬಿಟ್ಟು ಅದು ಹಿಂದಕ್ಕೆ ಬರುವಾಗ ಮೇಲೆದ್ದು ಬಾಲವಾಗುತ್ತದೆ. ತಾಳಗುಪ್ಪದ ಆ ಬಾಲದಲ್ಲಿ ಟೇಪಿನ ಪಾಲು ಎಷ್ಟಿತ್ತೋ, ಅವಸರದಲ್ಲಿ ಜಗ್ಗಿ ಹರಿದ ನನ್ನ ಕೈಯ ಪಾಲೂ ಇತ್ತು.

ಅಂಗಡಿಯಲ್ಲಿ ಕೊಳ್ಳುವಾಗ ಹೇಗೆ ನೋಡಬೇಕು ಎಂದು ಕೇಳುವವರಿಗೆ: ಸುರುಳಿಯ ಪಕ್ಕದ ಮೈಯನ್ನು ಬೆರಳಿನಿಂದ ಸವರಿ. ಜಿಗುಟಾಗಿದ್ದರೆ, ಹೊಳೆಯುತ್ತಿದ್ದರೆ, ನಡುಭಾಗ ಹೊರಗೆ ಉಬ್ಬಿದ್ದರೆ ಅದರ ಅಂಟು ಅಂಗಡಿಯ ಬಿಸಿಗೇ ಸೋತಿದೆ ಎಂದರ್ಥ, ಹಾಗೆಯೇ ಬಿಟ್ಟು ಬನ್ನಿ. ಒಂದು ಅಂಗುಲ ಬಿಡಿಸಿ ಎಳೆದು ಬಿಡಿ, ಹಿಂದಕ್ಕೆ ಬರಬೇಕು. ಮನೆಗೆ ತಂದ ಮೇಲೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ, ಬೆಂಕಿಕಡ್ಡಿ ತಾಗಿಸಿ ನೋಡಬಹುದು. ಒಳ್ಳೆಯ ಪಿವಿಸಿ ಟೇಪ್ ಕಡ್ಡಿ ಸರಿಸಿದ ಕೂಡಲೇ ಆರುತ್ತದೆ. ಉರಿಯುತ್ತಲೇ ಇದ್ದರೆ ಅದನ್ನು ಕಾರಿನ ಹತ್ತಿರಕ್ಕೂ ತರಬೇಡಿ. ಆ ಹೊಗೆ ಕೆಟ್ಟದ್ದು, ಮೂಗಿಗೆ ಎಳೆದುಕೊಳ್ಳಬಾರದು.

ಇಲಿಯ ಕಾಟದ ಬಗ್ಗೆ ನನ್ನನ್ನು ಬಹಳ ಜನ ಕೇಳುತ್ತಾರೆ. ಹೋಂಡಾ ಕಂಪನಿ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಲೇಪಿಸಿದ ಟೇಪನ್ನೇ ಮಾರುತ್ತದೆ, ಇಲಿ ಕಚ್ಚಿದರೆ ಬಾಯಿ ಉರಿಯಲಿ ಎಂದು. ನಾನು ಅದನ್ನು ಬಳಸಿ ನೋಡಿಲ್ಲವಾದ್ದರಿಂದ ಅಭಿಪ್ರಾಯ ಹೇಳುವುದಿಲ್ಲ. ಗೋದಾಮಿನ ಪಕ್ಕ ನಿಲ್ಲುವ ಗಾಡಿಗಳಿಗೆ ನಾನು 51036 ಸುತ್ತಿ ಅದರ ಮೇಲೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ಹಾಕುತ್ತೇನೆ, ಅಡಿಕೆ ಗೋಣಿಯಿಂದ ಗಾಡಿಯನ್ನು ದೂರ ನಿಲ್ಲಿಸಲು ಹೇಳುತ್ತೇನೆ.

ಟೇಪೇ ಮುಟ್ಟಬಾರದ ಜಾಗಗಳೂ ಇವೆ. ಹಳದಿ ಕನೆಕ್ಟರಿನ ಏರ್‌ಬ್ಯಾಗ್ ವೈರುಗಳು, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳು. ಕಿತ್ತಳೆ ಕೇಬಲ್ಲಿನಲ್ಲಿ ಹರಿಯುವುದು 12 ವೋಲ್ಟ್ ಅಲ್ಲ, ಪ್ರಾಣ ತೆಗೆಯುವ ವೋಲ್ಟೇಜು. ಅವುಗಳ ಸಿಪ್ಪೆ ಹರಿದದ್ದು ಕಂಡರೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕಳಿಸುತ್ತೇನೆ. ಗಿರಾಕಿ ಎಷ್ಟೇ ಒತ್ತಾಯಿಸಲಿ, ಟೇಪ್ ಸುತ್ತಿ ಕೊಡುವುದಿಲ್ಲ.

ದುಬಾರಿಯಲ್ಲವೇ ಎಂದರೆ, ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಜೊತೆ ಫಾಗ್ ಲ್ಯಾಂಪಿನ ಕೆಲಸಕ್ಕೆ ನನಗೆ 33 ಪ್ಲಸ್ ಒಂದು ಮೀಟರಿಗಿಂತ ಹೆಚ್ಚು ಬೇಕಾಗುವುದಿಲ್ಲ, ಅಂದರೆ 21 ರೂಪಾಯಿ. ಬಟ್ಟೆ ಟೇಪ್ ಮೂರು ನಾಲ್ಕು ಮೀಟರ್ ಹಿಡಿಯುತ್ತದೆ. ಗಿರಾಕಿಗೆ ನೂರು ರೂಪಾಯಿ ಹೆಚ್ಚು ಹೇಳುತ್ತೇನೆ, ಏಕೆಂದು ಎರಡೂ ಟೇಪನ್ನು ಕೈಗೆ ಕೊಟ್ಟು ತೋರಿಸುತ್ತೇನೆ. ಇದುವರೆಗೆ ಇಬ್ಬರು ಮಾತ್ರ ಬೇಡವೆಂದರು. ಆ ಎರಡು ಕೆಲಸವನ್ನು ನಾನು ಒಪ್ಪಿಕೊಳ್ಳಲಿಲ್ಲ. ಸ್ವಂತಕ್ಕೆ ಒಮ್ಮೆ ಬಳಸುವವರು ಐದೂ ಬಗೆ ಕೊಳ್ಳಬೇಕಿಲ್ಲ. ಒಂದು ಸುರುಳಿ 33 ಪ್ಲಸ್, ಒಂದು ಸುರುಳಿ 51608 ತಂದಿಟ್ಟುಕೊಂಡರೆ ಕಾರು ಮಾರುವವರೆಗೂ ಸಾಕಾಗುತ್ತದೆ. ಡಬ್ಬಿಯಲ್ಲಿ ಹಾಕಿ ತಂಪಾದ ಜಾಗದಲ್ಲಿಡಿ, ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ಓಮ್ನಿಯ ಹೆಡ್‌ಲೈಟಿನ ಹಿಂದೆ ಕಟ್ಟಿದ ತುಂಡನ್ನು ನಾನು ಇನ್ನೂ ಬಿಚ್ಚಿಲ್ಲ. ಒಂದು ಮಳೆಗಾಲ ಅದರ ಮೇಲೆ ಹೋಗಿದೆ, 33 ಪ್ಲಸ್ ಹಾಗೆಯೇ ಇದೆ, ಪಕ್ಕದ ಅಗ್ಗದ ಟೇಪ್ ಎಲ್ಲೋ ರಸ್ತೆಯಲ್ಲಿ ಉದುರಿಹೋಗಿದೆ. ಇನ್ನೊಂದು ಮಳೆಗಾಲ ಕಳೆಯಲಿ ಎಂದು ಬಿಟ್ಟಿದ್ದೇನೆ. ಜೋಗದ ಚಾಲಕರು ವಾರಕ್ಕೊಮ್ಮೆ ಚಹಾಕ್ಕೆ ಬಂದಾಗ ಬಗ್ಗಿ ಅದನ್ನು ನೋಡಿ ಹೋಗುತ್ತಾರೆ.